ಕಡತ ತೆರೆಯದಿದ್ದರೆ

ಕನಕಪುರದಿಂದ ಮಳವಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಹೋಬಳಿ ಕೇಂದ್ರ ಸಾತನೂರು. ಇಂಥ ಯಾವ ಊರಿಗೆ ಹೋದರೂ ಈಗ ಜೆರಾಕ್ಸ್ ಅಂಗಡಿಯಲ್ಲೊಂದು, ಫೋಟೊ ಸ್ಟುಡಿಯೋದಲ್ಲೊಂದು, ಶಾಲೆಯಲ್ಲೊಂದು, ನಾಡಕಚೇರಿಯಲ್ಲೊಂದು ಕಂಪ್ಯೂಟರ್ ಇದ್ದೇ ಇರುತ್ತದೆ. ಅರ್ಜಿ ಸಲ್ಲಿಸಲು ಸಂಜೆಯೇ ಕೊನೆಯ ಗಡುವು ಎನ್ನುವ ದಿನ, ಮಗಳ ಅಂಕಪಟ್ಟಿಯನ್ನು ಇಟ್ಟಿದ್ದ ಫೋಲ್ಡರ್ ತೆರೆಯುವುದಿಲ್ಲ. ತೀರಿಕೊಂಡ ಹಿರಿಯರ ಫೋಟೊಗಳಿದ್ದ ಪೆನ್‌ಡ್ರೈವ್ ಏನನ್ನೂ ತೋರಿಸುವುದಿಲ್ಲ. ಆಗ ಸಾಮಾನ್ಯವಾಗಿ ನಡೆಯುವುದು ಎರಡು. ಒಂದು, ಸಿಟ್ಟಿನಿಂದ ಮೇಲಿಂದ ಮೇಲೆ ಕ್ಲಿಕ್ ಮಾಡುವುದು. ಇನ್ನೊಂದು, ಪಕ್ಕದಲ್ಲಿ ನಿಂತವರು ‘ಫಾರ್ಮ್ಯಾಟ್ ಹೊಡೆದುಬಿಡಿ, ಸರಿಹೋಗುತ್ತೆ’ ಎಂದು ಸಲಹೆ ಕೊಡುವುದು. ಮೊದಲನೆಯದರಿಂದ ಹೊತ್ತು ಹಾಳು. ಎರಡನೆಯದರಿಂದ ಇದ್ದದ್ದೂ ಹಾಳು. ಫೋಲ್ಡರ್ ತೆರೆಯದ ಎಷ್ಟೋ ಸಂದರ್ಭಗಳಲ್ಲಿ ಒಳಗಿನ ಮಾಹಿತಿಗೆ ಏನೂ ಆಗಿರುವುದಿಲ್ಲ. ಅದು ನಷ್ಟವಾಗುವುದು ಆಮೇಲೆ ಮಾಡುವ ಅವಸರದ ಚಿಕಿತ್ಸೆಯಿಂದ.

ಫೋಲ್ಡರ್ ಎಂದರೇನು?

ಫೋಲ್ಡರಿಗೆ ಕನ್ನಡದಲ್ಲಿ ‘ಕಡತ’ ಎನ್ನುವುದುಂಟು. ಹಿಂದೆ ಕಡತವೆಂದರೆ ಬಟ್ಟೆಯ ಪುಸ್ತಕ. ಹುಣಿಸೆ ಬೀಜದ ಸರಿಗೆ ಇದ್ದಿಲ ಪುಡಿ ಸೇರಿಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ವರ್ತಕರ ಲೆಕ್ಕವೂ ಮಠಗಳ ದಾಖಲೆಯೂ ಅದರಲ್ಲಿರುತ್ತಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚಿರಪರಿಚಿತ. ಅಲ್ಲಿ ಕಡತವೂ ಬರಹವೂ ಒಂದೇ ವಸ್ತು.

ಕಂಪ್ಯೂಟರಿನ ಕಡತ ಹಾಗಲ್ಲ. ತೆರೆಯ ಮೇಲೆ ಹಳದಿ ಚೀಲದಂತೆ ಕಂಡರೂ ಅದರೊಳಗೆ ಏನನ್ನೂ ತುಂಬಿರುವುದಿಲ್ಲ. ಅದೊಂದು ಪಟ್ಟಿ, ಅಷ್ಟೇ. ಯಾವ ಹೆಸರಿನ ಬರಹ ಅಥವಾ ಚಿತ್ರ ಡಿಸ್ಕಿನ ಯಾವ ಜಾಗದಲ್ಲಿದೆ ಎಂದು ಹುಡುಕಿಕೊಡುವ, ಪುಸ್ತಕದ ಪರಿವಿಡಿಯಂಥ ಪಟ್ಟಿ. 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಬಂದ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ ಪ್ರತಿಯೊಂದು ಫೈಲಿಗೂ ಪ್ರತಿಯೊಂದು ಫೋಲ್ಡರಿಗೂ ಒಂದು ದೊಡ್ಡ ಖಾತೆಪುಸ್ತಕದಲ್ಲಿ ಸಾಮಾನ್ಯವಾಗಿ 1 ಕಿಲೋಬೈಟ್ ಗಾತ್ರದ ದಾಖಲೆ ಇರುತ್ತದೆ. ಇಂದಿನ ವಿಂಡೋಸ್ ನಡೆಯುತ್ತಿರುವುದೂ ಇದರ ಮೇಲೆಯೇ. ಪರಿವಿಡಿಯ ಹಾಳೆ ಹರಿದರೆ ಪುಸ್ತಕದ ಪಾಠಗಳು ಮಾಯವಾಗುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ.

ಬಲ್ಬ್ ಉರಿಯದಿದ್ದಾಗ ಮೊದಲು ಸ್ವಿಚ್ ನೋಡಿ, ಆಮೇಲೆ ಬಲ್ಬ್, ಅನಂತರ ಫ್ಯೂಸ್ ನೋಡುತ್ತೇವೆ. ಮೊದಲೇ ಗೋಡೆ ಅಗೆದು ತಂತಿ ಕೀಳುವುದಿಲ್ಲ. ಕಂಪ್ಯೂಟರಿನಲ್ಲೂ ಇದೇ ಕ್ರಮ. ಹೊರಗಿನಿಂದ ಒಳಕ್ಕೆ ಹೋಗಬೇಕು.

ಮೌಸಿನದೇ ತಪ್ಪಿರಬಹುದು

ಫೋಲ್ಡರಿನ ಮೇಲೆ ಒಮ್ಮೆ ಮಾತ್ರ ಕ್ಲಿಕ್ ಮಾಡಿ, ಕೀಲಿಮಣೆಯ ಎಂಟರ್ ಗುಂಡಿ ಒತ್ತಬೇಕು. ಫೋಲ್ಡರ್ ತೆರೆದುಕೊಂಡರೆ ಅದಕ್ಕೆ ಏನೂ ಆಗಿಲ್ಲ, ತೊಂದರೆ ಮೌಸಿನಲ್ಲಿದೆ. ಸಾಮಾನ್ಯವಾಗಿ ಅರ್ಧ ಸೆಕೆಂಡಿನೊಳಗೆ ಎರಡು ಸಲ ಒತ್ತಿದರೆ ಮಾತ್ರ ವಿಂಡೋಸ್ ಅದನ್ನು ಜೋಡಿ ಕ್ಲಿಕ್ ಎಂದು ಪರಿಗಣಿಸುತ್ತದೆ. ಸವೆದ ಗುಂಡಿ ಆ ಸೂಚನೆಯನ್ನು ಸರಿಯಾಗಿ ಮುಟ್ಟಿಸುವುದಿಲ್ಲ. ಮೌಸ್ ಬದಲಿಸಿದರೆ ಕೆಲಸ ಮುಗಿಯಿತು.

ಯಾವ ಫೋಲ್ಡರೂ ತೆರೆಯದಿದ್ದರೆ

ಒಂದೇ ಫೋಲ್ಡರ್ ಹಟ ಮಾಡುತ್ತಿದೆಯೋ, ಎಲ್ಲವೂ ಹಾಗೆಯೇ ಇವೆಯೋ? ಎರಡನೆಯ ಪ್ರಶ್ನೆ ಇದು. ಎಲ್ಲವೂ ಹಾಗಿದ್ದರೆ, ಫೋಲ್ಡರುಗಳನ್ನು ತೆರೆದು ತೋರಿಸುವ ಎಕ್ಸ್‌ಪ್ಲೋರರ್ ಎಂಬ ಕಾರ್ಯಕ್ರಮವೇ ಮಂಕು ಹಿಡಿದು ಕೂತಿದೆ ಎಂದರ್ಥ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಎಂಬ ಸಾಲನ್ನು ಆರಿಸಿ ರೀಸ್ಟಾರ್ಟ್ ಒತ್ತಬೇಕು. ತೆರೆ ಒಂದು ಕ್ಷಣ ಖಾಲಿಯಾಗಿ ಮತ್ತೆ ಮೂಡುತ್ತದೆ. ಗಾಬರಿ ಬೇಡ, ಟೈಪ್ ಮಾಡುತ್ತಿದ್ದ ಅರ್ಜಿಗೆ ಇದರಿಂದ ಏನೂ ಆಗದು.

ಅದರಿಂದಲೂ ಆಗದಿದ್ದರೆ, ಮಾಡುತ್ತಿದ್ದ ಕೆಲಸವನ್ನು ಉಳಿಸಿಕೊಂಡು ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಬೇಕು. ಇಲ್ಲೊಂದು ಸ್ವಾರಸ್ಯವಿದೆ. 2012ರ ವಿಂಡೋಸ್ 8ರಿಂದ ಈಚೆಗೆ ಬೇಗ ಆರಂಭವಾಗಲೆಂದು ಒಂದು ಸೌಲಭ್ಯ ಸೇರಿದೆ. ಅದು ಇರುವ ಯಂತ್ರಗಳಲ್ಲಿ ಶಟ್‌ಡೌನ್ ಮಾಡಿದಾಗ ವಿಂಡೋಸಿನ ತಿರುಳು ಪೂರ್ತಿ ಮುಚ್ಚುವುದಿಲ್ಲ. ಆಗಿದ್ದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅದನ್ನೇ ಎಬ್ಬಿಸುತ್ತದೆ. ನಿನ್ನೆಯ ಮಂಕೂ ಜೊತೆಗೆ ಏಳಬಹುದು. ರೀಸ್ಟಾರ್ಟ್ ಮಾಡಿದರೆ ಮಾತ್ರ ನಿಜವಾಗಿ ಹೊಸದಾಗಿ ಆರಂಭವಾಗುತ್ತದೆ. ‘ಆರಿಸಿ ಹಾಕಿದೆ, ಆದರೂ ಹಾಗೇ ಇದೆ’ ಎನ್ನುವವರು ಇದನ್ನು ಗಮನಿಸಬೇಕು.

ಸ್ಟುಡಿಯೋಗಳಲ್ಲಿ ಸಾವಿರಾರು ಮದುವೆ ಚಿತ್ರಗಳಿರುವ ಫೋಲ್ಡರ್ ತಡವಾಗಿ ತೆರೆದರೆ ಅದನ್ನು ರೋಗವೆಂದು ತಿಳಿಯಬಾರದು. ಪ್ರತಿ ಚಿತ್ರಕ್ಕೂ ಪುಟ್ಟ ಪ್ರತಿರೂಪ ಬರೆಯಲು ಯಂತ್ರ ಹೆಣಗುತ್ತಿರುತ್ತದೆ. ಒಂದು ಮದುವೆಯನ್ನು ಶಾಸ್ತ್ರವೊಂದಕ್ಕೆ ಒಂದರಂತೆ ಐದಾರು ಫೋಲ್ಡರುಗಳಿಗೆ ಹಂಚಿದರೆ ಸಾಕು. ಹಾಗೆಯೇ, ಕೆಟ್ಟ ಪೆನ್‌ಡ್ರೈವ್ ಒಂದು ಚುಚ್ಚಿದಂತೆಯೇ ಇದ್ದರೆ ಅದರ ಉತ್ತರಕ್ಕೆ ಕಾದು ಇಡೀ ಎಕ್ಸ್‌ಪ್ಲೋರರ್ ನಿಂತುಬಿಡುವುದುಂಟು. ಅದನ್ನು ತೆಗೆದು ನೋಡಬೇಕು.

ಅನುಮತಿ ಇಲ್ಲವೆಂದರೆ

ಹಳೆಯ ಕಂಪ್ಯೂಟರ್ ಕೆಟ್ಟಿದೆ. ಅದರ ಡಿಸ್ಕನ್ನು ಬಿಚ್ಚಿ ಹೊಸದಕ್ಕೆ ಜೋಡಿಸಿದ್ದಾರೆ. ಫೋಲ್ಡರ್ ಕಾಣುತ್ತದೆ, ಆದರೆ ‘ನಿಮಗೆ ಅನುಮತಿ ಇಲ್ಲ’ ಎನ್ನುತ್ತದೆ. ವಿಂಡೋಸ್ ಬಳಕೆದಾರರನ್ನು ಗುರುತಿಸುವುದು ಹೆಸರಿನಿಂದಲ್ಲ, ಉದ್ದದ ಒಂದು ಸಂಖ್ಯೆಯಿಂದ. ಒಂದೇ ಊರಿನಲ್ಲಿ ಇಬ್ಬರು ಶಿವಣ್ಣಂದಿರಿದ್ದರೂ ಪಡಿತರ ಚೀಟಿಯ ಸಂಖ್ಯೆ ಬೇರೆಯಲ್ಲವೇ? ಎರಡೂ ಯಂತ್ರದಲ್ಲಿ ಹೆಸರು ಒಂದೇ ಇದ್ದರೂ ಸಂಖ್ಯೆ ಬೇರೆಯಾದ್ದರಿಂದ ಬಾಗಿಲು ತೆರೆಯುವುದಿಲ್ಲ. ಅಡ್ಮಿನಿಸ್ಟ್ರೇಟರ್ ಅಧಿಕಾರವಿದ್ದವರು ‘ಕಂಟಿನ್ಯೂ’ ಒತ್ತಿದರೆ ಅನೇಕ ವೇಳೆ ಸಾಕು. ಆಗದಿದ್ದರೆ ಪ್ರಾಪರ್ಟೀಸ್‌ನ ಸೆಕ್ಯುರಿಟಿ ಭಾಗದಲ್ಲಿ ಅಡ್ವಾನ್ಸ್‌ಡ್‌ಗೆ ಹೋಗಿ ಮಾಲೀಕನನ್ನು ಬದಲಿಸಬಹುದು. ಇದನ್ನು ಸ್ವಂತ ಫೋಲ್ಡರಿಗೆ ಮಾತ್ರ ಮಾಡಬೇಕು. ವಿಂಡೋಸಿನದೇ ಫೋಲ್ಡರುಗಳ ಅನುಮತಿ ಕೆಣಕಿದರೆ ಯಂತ್ರವೇ ಏಳದೆ ಹೋಗಬಹುದು. ಗೂಢಲಿಪಿಯಲ್ಲಿ ಇಟ್ಟ ಫೋಲ್ಡರಾದರೆ ಮಾಲೀಕ ಬದಲಾದರೂ ಪ್ರಯೋಜನವಿಲ್ಲ. ಮೂಲ ಕೀಲಿಯೇ ಬೇಕು.

ಪೆನ್‌ಡ್ರೈವಿನ ವೇಷಧಾರಿ

ಊರೂರು ತಿರುಗುವ ಪೆನ್‌ಡ್ರೈವಿಗೆ ಅಂಟುವ ಒಂದು ಜಾತಿಯ ವೈರಸ್ ಇದೆ. ಅದು ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಅಲ್ಲಿ ಕೂರಿಸುತ್ತದೆ. ಚಿತ್ರದ ಮೂಲೆಯಲ್ಲಿ ಪುಟ್ಟ ಬಾಣದ ಗುರುತು ಕಂಡರೆ ಅದು ವೇಷ. ಅದನ್ನು ಒತ್ತಿದರೆ ಕಂಪ್ಯೂಟರಿಗೂ ರೋಗ ಹತ್ತುತ್ತದೆ. ಒತ್ತದೆ, ಮೊದಲು ವಿಂಡೋಸಿನಲ್ಲೇ ಇರುವ ಡಿಫೆಂಡರ್‌ನಿಂದ ತಪಾಸಣೆ ಮಾಡಿಸಬೇಕು. ಬಳಿಕ ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಡಗಿದವನ್ನು ತೋರಿಸು ಎಂಬುದನ್ನು ಆರಿಸಿ, ವ್ಯವಸ್ಥೆಯ ರಕ್ಷಿತ ಫೈಲುಗಳನ್ನು ಅಡಗಿಸು ಎಂಬ ಗುರುತನ್ನು ತೆಗೆದರೆ, ಅಸಲಿ ಫೋಲ್ಡರ್ ಮಸುಕಾಗಿ ಕಾಣುತ್ತದೆ. ಅದರೊಳಗಿನದನ್ನು ಬೇರೆ ಕಡೆ ನಕಲು ಮಾಡಿಕೊಂಡು, ಆ ಗುರುತನ್ನು ಮತ್ತೆ ಹಾಕಿಡಬೇಕು.

ಕನ್ನಡದ ಹೆಸರಿಗೆ ಜಾಗ ಸಾಲದು!

ವಿಂಡೋಸಿನಲ್ಲಿ ಡ್ರೈವಿನಿಂದ ಫೈಲಿನವರೆಗಿನ ಪೂರ್ತಿ ವಿಳಾಸಕ್ಕೆ ಹಳೆಯದೊಂದು ಮಿತಿಯಿದೆ: 260 ಸಂಕೇತಗಳು. ಫೋಲ್ಡರಿನೊಳಗೆ ಫೋಲ್ಡರ್, ಅದರೊಳಗೆ ಇನ್ನೊಂದು ಎಂದು ಇಡುತ್ತಾ ಹೋದರೆ ಈ ಮಿತಿ ದಾಟಿ ತೊಂದರೆ ಶುರುವಾಗುತ್ತದೆ. ಕನ್ನಡದಲ್ಲಿ ಹೆಸರಿಟ್ಟವರಿಗೆ ಇದು ಬೇಗ ಎದುರಾಗುತ್ತದೆ. ಯೂನಿಕೋಡ್‌ನಲ್ಲಿ ಕಾಗುಣಿತದ ಗುರುತು, ಒತ್ತಕ್ಷರ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಸಾತನೂರು’ ನಮಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ 7 ಸಂಕೇತ. ‘ಶಾಸ್ತ್ರ’ ಎರಡೇ ಅಕ್ಷರವಾದರೂ ಅದೂ 7. ಮೇಲಿನ ಫೋಲ್ಡರುಗಳ ಹೆಸರನ್ನು ಚಿಕ್ಕದು ಮಾಡಿದರೆ ಒಳಗಿನದು ತೆರೆದುಕೊಳ್ಳುತ್ತದೆ. ಕನ್ನಡದ ಹೆಸರನ್ನು ಬಿಡಬೇಕಾಗಿಲ್ಲ.

ಇನ್ನೊಂದು ಸಂದರ್ಭದಲ್ಲಿ ಫೋಲ್ಡರೇನೋ ತೆರೆಯುತ್ತದೆ, ಒಳಗಿನ ಬರಹ ಮಾತ್ರ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಂತೆ ಕಾಣುತ್ತದೆ. ‘ಕೆಟ್ಟುಹೋಗಿದೆ’ ಎಂದು ಅಳಿಸಿಬಿಡುವವರಿದ್ದಾರೆ. ಅದು ಕೆಟ್ಟಿಲ್ಲ. ವಿಂಡೋಸಿನಲ್ಲಿ ಕನ್ನಡ ಯೂನಿಕೋಡ್ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಅಕ್ಷರಶೈಲಿಯೊಂದಿಗೆ. ಅದಕ್ಕೂ ಮೊದಲು, ಆಮೇಲೂ ಎಷ್ಟೋ ವರ್ಷ, ಬರಹ, ನುಡಿ ಮುಂತಾದವುಗಳ ಹಳೆಯ ಪದ್ಧತಿಯಲ್ಲೇ ಟೈಪ್ ಮಾಡಲಾಗುತ್ತಿತ್ತು. ಸೊಸೈಟಿಯ ನಡಾವಳಿ, ಶಾಲೆಯ ವಾರ್ಷಿಕ ವರದಿ, ಊರಿನ ನಾಟಕದ ಪ್ರತಿ ಹೀಗೆ ಇನ್ನೂ ಡಿಸ್ಕುಗಳಲ್ಲಿ ಉಳಿದಿರಬಹುದು. ಆ ಅಕ್ಷರಶೈಲಿ ಹಾಕಿದರೆ ಕನ್ನಡ ಮತ್ತೆ ಮೂಡುತ್ತದೆ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಇವೆ.

ಡಿಸ್ಕಿಗೇ ಪೆಟ್ಟಾದಾಗ

ಫೈಲ್ ಅಥವಾ ಡೈರೆಕ್ಟರಿ ಹಾಳಾಗಿದೆ, ಓದಲಾಗದು ಎಂದು ಯಂತ್ರ ಹೇಳಿದರೆ ಪರಿವಿಡಿಗೇ ಪೆಟ್ಟಾಗಿದೆ ಎಂದರ್ಥ. ಬರೆಯುತ್ತಿರುವಾಗ ಕರೆಂಟ್ ಹೋಗುವುದು, ಪೆನ್‌ಡ್ರೈವನ್ನು ಎಜೆಕ್ಟ್ ಮಾಡದೆ ಕೀಳುವುದು ಇದಕ್ಕೆ ಸಾಮಾನ್ಯ ಕಾರಣ. ವಿಂಡೋಸಿನಲ್ಲಿ ಡಿಸ್ಕ್ ತಪಾಸಣೆಯ ಸಾಧನವಿದೆ. ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ಟೂಲ್ಸ್ ಎಂಬಲ್ಲಿ ಸಿಗುತ್ತದೆ. ಆದರೆ ಅದು ಪರಿವಿಡಿಯನ್ನು ತಿದ್ದಿ ಬರೆಯುವಂಥದ್ದು. ಆದ್ದರಿಂದ ಓದಲು ಸಿಕ್ಕಷ್ಟನ್ನು ಮೊದಲು ಬೇರೆಡೆ ನಕಲು ಮಾಡಿಕೊಂಡು ಆಮೇಲೆ ಅದನ್ನು ನಡೆಸಬೇಕು.

‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಪ್ರಶ್ನೆ ಬಂದಾಗ ‘ಕ್ಯಾನ್ಸಲ್’ ಒತ್ತುವುದೇ ಜಾಣತನ. ಫಾರ್ಮ್ಯಾಟ್ ಎಂದರೆ ಇರುವ ಪರಿವಿಡಿಯನ್ನು ಬಿಸುಟು ಖಾಲಿ ಪರಿವಿಡಿ ಬರೆಯುವುದು. ಆಮೇಲೆ ಹೊಸ ಚಿತ್ರ ತುಂಬಿದರೆ ಹಳೆಯದರ ಮೇಲೆಯೇ ಬರಹ ಬೀಳುತ್ತದೆ. ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಯಾವ ಪ್ರಯೋಗವೂ ಬೇಡ. ಕೂಡಲೇ ವಿದ್ಯುತ್ ತೆಗೆದು, ಮಾಹಿತಿ ಮರಳಿ ಪಡೆಯುವುದನ್ನೇ ಕಸುಬಾಗಿ ಮಾಡುವವರ ಬಳಿ ಒಯ್ಯಬೇಕು. ಚಾಲೂ ಇಟ್ಟಷ್ಟೂ ಉಳಿಯುವ ಅವಕಾಶ ಕುಗ್ಗುತ್ತದೆ.

ಮುಂಜಾಗ್ರತೆ

2000ದ ಸುಮಾರಿಗೆ ‘ಭೂಮಿ’ ಯೋಜನೆಯಡಿ ರಾಜ್ಯದ ಪಹಣಿಗಳು ಕಂಪ್ಯೂಟರಿಗೆ ಹೋದವು. ಅಂದಿನಿಂದ ಮನೆಯ ಕಾಗದಪತ್ರಗಳೂ ಒಂದೊಂದಾಗಿ ಕಬ್ಬಿಣದ ಪೆಟ್ಟಿಗೆ ಬಿಟ್ಟು ಯಂತ್ರ ಸೇರುತ್ತಿವೆ. ಸರ್ಕಾರಿ ದಾಖಲೆಯ ನಕಲು ಕೇಳಿದರೆ ಇನ್ನೊಮ್ಮೆ ಸಿಗಬಹುದು. ತೀರಿಕೊಂಡವರ ಫೋಟೊ ಸಿಗದು. ಮುಖ್ಯವಾದ ಪ್ರತಿ ಫೋಲ್ಡರಿಗೂ ಇನ್ನೆರಡು ನಕಲು ಇರಬೇಕು. ಅವುಗಳಲ್ಲಿ ಒಂದು ಬೇರೆ ಮನೆಯಲ್ಲೋ, ಅಂತರ್ಜಾಲದ ಸಂಗ್ರಹದಲ್ಲೋ ಇರಬೇಕು. ಕರೆಂಟ್ ಹೋಗಿ ಬರುವ ಕಡೆ ಯುಪಿಎಸ್ ಬೇಕೇ ಬೇಕು.

ಕಂಪ್ಯೂಟರ್ ಪಕ್ಕದ ಗೋಡೆಗೆ ಇಷ್ಟನ್ನು ಬರೆದು ಅಂಟಿಸಿಕೊಳ್ಳಬಹುದು: ಮೊದಲು ಎಂಟರ್ ಗುಂಡಿ, ಬಳಿಕ ಎಕ್ಸ್‌ಪ್ಲೋರರ್, ಅನಂತರ ರೀಸ್ಟಾರ್ಟ್, ಆಮೇಲೆ ಅನುಮತಿ, ವೈರಸ್, ಹೆಸರಿನ ಉದ್ದ, ಡಿಸ್ಕಿಗೆ ಕೈ ಹಾಕುವ ಮೊದಲು ನಕಲು, ಫಾರ್ಮ್ಯಾಟ್ ಮಾತ್ರ, ಒಳಗಿನದೇನೂ ಬೇಡವೆಂದು ಅದರ ಒಡೆಯರೇ ಹೇಳಿದ ಮೇಲೆ.