ಕೊಟ್ಟಿಗೆಯಲ್ಲಿ ಒಟಿಪಿ ಕೇಳಿದ್ರೆ ಅಜ್ಜ ಏನು ಮಾಡಬೇಕು?

ಫೋಟೋ 1

ಇದು ನಮ್ಮ ಮನಿ ಆಕಳ. ಕಿವಿಯಲ್ಲಿರೋ ಹಳದಿ ಓಲೆಯ ಮೇಲೆ 12 ಅಂಕಿಯ ನಂಬರ್ ಇದೆ, ಅದರ ಮೇಲೆ ನಾನೇ ಬಣ್ಣ ಬಳಿದೀನಿ. "ಆಕಳಿಗೂ ಪ್ರೈವಸಿ ಬೇಕೇನಲೇ?" ಅಂತ ಟೈಪ್ ಮಾಡೋಕೆ ಹೊರಟ ಗೆಳೆಯರು ಒಂದು ನಿಮಿಷ ತಡೀರಿ. ನಂಬರ್ ಆಕಳದ್ದು. ಅದರ ಹಿಂದೆ ಇರೋದು ಮಾಲೀಕರ ಹೆಸರು, ಊರು, ಮೊಬೈಲ್ ನಂಬರ್. ದನದ ದವಾಖಾನಿಯ ದಾಖಲೆ ಅಂದ್ರೆ ದನದ ದಾಖಲೆ ಅಷ್ಟೇ ಅಲ್ಲ, ಊರಿನ ದಾಖಲೆ.

ಫೋಟೋ 2

ಬ್ಯಾಂಕಿನವರು ಹೇಳ್ತಾರೆ, ಒಟಿಪಿ ಯಾರಿಗೂ ಹೇಳಬೇಡಿ. ಪೊಲೀಸರು ಹೇಳ್ತಾರೆ. ಟಿವಿ ಹೇಳುತ್ತೆ. ಕಾಲರ್ ಟ್ಯೂನ್ ಕೂಡ ಹೇಳಿ ಹೇಳಿ ತಲೆ ತಿಂತು.

ಆಮೇಲೆ ಕಾಲುಬಾಯಿ ಬೇನೆಯ ಲಸಿಕೆ ಬರುತ್ತೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಇದು, ಆರು ತಿಂಗಳಿಗೊಮ್ಮೆ ಲಸಿಕೆ. ಒಳ್ಳೆಯ ಕೆಲಸ, ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದ್ರೆ ಭಾರತ್ ಪಶುಧನ್ ಆ್ಯಪ್‌ನಲ್ಲಿ ದಾಖಲು ಮಾಡುವಾಗ ಮಾಲೀಕರ ಮೊಬೈಲಿಗೆ ಒಟಿಪಿ ಹೋಗುತ್ತೆ. ಈಗ ಕೊಟ್ಟಿಗೆಯ ಬಾಗಿಲಲ್ಲಿ ನಡೆಯೋ ಮಾತು ಕೇಳ್ರಿ.

"ಅಜ್ಜಾರ, ಮೊಬೈಲಿಗೆ ಒಂದು ನಂಬರ್ ಬಂದೈತಿ, ಹೇಳ್ರಿ."
"ಸೂಜಿ ಹಾಕ್ರಿ ಬೇಕಾದ್ರ. ನಂಬರ್ ಮಾತ್ರ ಕೇಳಬ್ಯಾಡ್ರಿ."

ಇದನ್ನ ಕೇಳಿ ನಗೋರು, "ಹಳ್ಳಿ ಮಂದಿಗೆ ತಿಳುವಳಿಕೆ ಇಲ್ಲ" ಅನ್ನೋರು ಬಹಳ ಜನ. ನನ್ನ ಪ್ರಕಾರ ಸೈಬರ್ ಭದ್ರತೆಯ ಪಾಠವನ್ನ ಸರಿಯಾಗಿ ಕಲಿತವರು ಅಲ್ಲಿ ಆ ಅಜ್ಜ ಒಬ್ಬರೇ. ಕಲಿಸಿದ್ದೂ ಸರ್ಕಾರ, ಅದನ್ನ ಮುರೀರಿ ಅಂತ ಬಾಗಿಲಿಗೆ ಬಂದಿದ್ದೂ ಸರ್ಕಾರ.

ಲಸಿಕೆ ಹಾಕೋಕೆ ಬಂದವರನ್ನ ಬೈಯಬೇಡ್ರಿ. ಬಿಸಿಲಲ್ಲಿ ಐಸ್ ಡಬ್ಬಿ ಹೊತ್ತು ಓಣಿ ಓಣಿ ತಿರುಗಿ, ಒದೆಯೋ ಎಮ್ಮೆ ಹತ್ರ ನಿಂತು, ನೆಟ್‌ವರ್ಕ್ ಇಲ್ಲದ ಕಡೆ ಮೊಬೈಲ್ ಮೇಲೆತ್ತಿ ಕಾಯೋರು ಅವರು. ಎಷ್ಟೋ ಮನೆಗಳಲ್ಲಿ ಕೊಟ್ಟ ನಂಬರ್ ಬೆಂಗಳೂರಲ್ಲಿ ಕೆಲಸ ಮಾಡೋ ಮೊಮ್ಮಗನದು. ಒಟಿಪಿ ಅವನಿಗೆ ಹೋಗುತ್ತೆ, ಅವನು ಮೀಟಿಂಗಿನಲ್ಲಿ. ಇತ್ತ ಎಮ್ಮೆಗೂ ಸಾಕಾಗಿರುತ್ತೆ, ಸೂಜಿ ಹಿಡಿದವರಿಗೂ. ಈ ವ್ಯವಸ್ಥೆ ರೂಪಿಸಿದವರು ಒಂದು ದಿನ ಅಡರಕಟ್ಟಿಗೆ ಬಂದು ಹತ್ತು ಕೊಟ್ಟಿಗೆ ತಿರುಗಿದ್ದರೆ ಸಾಕಿತ್ತು.

ಫೋಟೋ 3

ಅಜ್ಜ ಕೊನೆಗೆ ನಂಬರ್ ಹೇಳಿದ್ರು ಅಂತ ಇಟ್ಕೊಳ್ಳಿ. ಅಪಾಯ ಅಲ್ಲಿಂದ ಶುರು. ಆ ಒಂದು ಒಟಿಪಿಯಿಂದ ದುಡ್ಡು ಹೋಗೋದಿಲ್ಲ, ಒಂದು ರೂಢಿ ಬೀಳುತ್ತೆ: "ದವಾಖಾನಿಯವರು ಕೇಳಿದ್ರೆ ಹೇಳಬಹುದು." ನಾಳೆ ಇನ್ಯಾರೋ ಫೋನ್ ಮಾಡಿ "ದನದ ದವಾಖಾನಿಯಿಂದ ಮಾತಾಡಾಕತ್ತೀನ್ರಿ, ನಿಮ್ಮ ಪರಿಹಾರ ಮಂಜೂರಾಗೈತಿ" ಅಂದ್ರೆ?

2022ರ ಚರ್ಮಗಂಟು ರೋಗ ನೆನಪಿದೆಯಲ್ಲ. ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಅಂತ ರಾಜ್ಯ ಸರ್ಕಾರ ಪರಿಹಾರ ನಿಗದಿ ಮಾಡಿತ್ತು. ಎತ್ತು ಕಳಕೊಂಡು ಬಿತ್ತನೆಗೆ ಬಾಡಿಗೆ ಟ್ರ್ಯಾಕ್ಟರ್ ಹುಡುಕುತ್ತಿರೋ ಮನೆಗೆ ಅಂಥ ಫೋನ್ ಬಂದ್ರೆ ನಂಬೋದಿಲ್ಲ ಅಂತ ಯಾರು ಎದೆ ತಟ್ಟಿ ಹೇಳ್ತೀರಿ? ದನದ ಹೆಸರು, ಊರು, ಓಲೆ ನಂಬರ್ ಎಲ್ಲಾ ಸರಿಯಾಗಿ ಹೇಳಿಬಿಟ್ರಂತೂ ಮುಗೀತು. ಅದಕ್ಕೇ ನಾನು ಮೊದಲ ಫೋಟೋದಲ್ಲಿ ಬಣ್ಣ ಬಳಿದದ್ದು. ಜಾತ್ರೆ ರೀಲ್ಸಿನಲ್ಲಿ ಎತ್ತಿನ ಕಿವಿ ಝೂಮ್ ಮಾಡೋ ವೀರರು ಇದನ್ನ ಎರಡು ಸಲ ಓದ್ರಿ.

ಫೋಟೋ 4

"ದನದ ದವಾಖಾನಿನ ಯಾವ ಹ್ಯಾಕರ್ ಹುಡುಕ್ಕೊಂಡು ಬರ್ತಾನ?" ಕ್ಲಾಸಿನಲ್ಲೇ ಒಬ್ಬ ಕೇಳಿದ್ದ. ಬಂದಿದ್ದಾರಪ್ಪಾ. 2019ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯಾಷನಲ್ ವೆಟರಿನರಿ ಅಸೋಸಿಯೇಟ್ಸ್ ಅನ್ನೋ ಸಂಸ್ಥೆಯ ಸುಮಾರು 400 ಪಶು ಆಸ್ಪತ್ರೆಗಳ ಮೇಲೆ ರಾನ್ಸಮ್‌ವೇರ್ ದಾಳಿ ಆಯ್ತು. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ದಂಧೆ ಅದು. ದಿಲ್ಲಿಯ ಏಮ್ಸ್‌ಗೆ 2022ರ ನವೆಂಬರ್‌ನಲ್ಲಿ ಅದೇ ಗತಿ, ಸುಮಾರು ಎರಡು ವಾರ ಚೀಟಿ-ಪೆನ್ನಿನ ಮೇಲೆ ಆಸ್ಪತ್ರೆ ನಡೀತು. ಅಲ್ಲಿ ಕೈಹಿಡಿದದ್ದು ಕಾಗದ. ಹಾಗಾಗಿ ನಮ್ಮ ದವಾಖಾನಿಯ ದಪ್ಪ ರಿಜಿಸ್ಟರ್ ನೋಡಿ ಮುಸಿಮುಸಿ ನಗಬೇಡ್ರಿ, ಅದು ಬ್ಯಾಕಪ್. ನಗಬೇಕಾದ್ದು ಮಾನಿಟರಿಗೆ ಅಂಟಿಸಿದ ಪಾಸ್‌ವರ್ಡ್ ಚೀಟಿ ನೋಡಿ.

ಫೋಟೋ 5

ಹಂಗಾದ್ರೆ ಆ್ಯಪ್ ಬ್ಯಾಡಾ? ಬೇಕು. ಯಾವ ದನಕ್ಕೆ ಯಾವಾಗ ಲಸಿಕೆ ಆಯ್ತು ಅನ್ನೋದು ಒಂದು ಕಡೆ ಸಿಕ್ಕರೆ ರೋಗ ಬಂದಾಗ ವೈದ್ಯರು ಕತ್ತಲಲ್ಲಿ ತಡಕಾಡಬೇಕಿಲ್ಲ. ಓಲೆ ಇಲ್ಲದ ದನಕ್ಕೆ ವಿಮೆ ದುಡ್ಡೂ ಬರೋದಿಲ್ಲ. ನನ್ನ ಜಗಳ ಕಂಪ್ಯೂಟರಿನ ಜೊತೆ ಅಲ್ಲ.

ಕಿವಿಯೋಲೆ ಮೇಲೆ ಬಾರ್‌ಕೋಡ್ ಇದ್ದೇ ಇದೆ. ಅದನ್ನ ಸ್ಕ್ಯಾನ್ ಮಾಡಿ, ಲಸಿಕೆ ಪುಸ್ತಕದಲ್ಲಿ ಮಾಲೀಕರ ಸಹಿ ಅಥವಾ ಹೆಬ್ಬೆಟ್ಟು ತಗೊಂಡ್ರೆ ದನ ಅಲ್ಲೇ ಇತ್ತು ಅನ್ನೋದಕ್ಕೆ ಸಾಕ್ಷಿ ಸಾಲದಾ? ಆಮೇಲೆ ಬೇಕಾದ್ರೆ ಮಾಲೀಕರಿಗೆ ಒಂದು ಮೆಸೇಜ್ ಕಳಿಸಲಿ: ಇಂಥ ದಿನ ಲಸಿಕೆ ಆಗಿದೆ, ಆಗಿಲ್ಲದಿದ್ರೆ ಇಲ್ಲಿಗೆ ಫೋನ್ ಮಾಡಿ. ಒಟಿಪಿನೇ ಬೇಕು ಅಂತ ಹಟ ಹಿಡಿದ್ರೆ ಕೊನೇ ಪಕ್ಷ ಮೆಸೇಜು ದೊಡ್ಡ ಕನ್ನಡದಲ್ಲಿ ಹೇಳಲಿ, "ಇದು ದನದ ಲಸಿಕೆಗೆ ಮಾತ್ರ, ದುಡ್ಡಿಗೆ ಸಂಬಂಧ ಇಲ್ಲ." ವಾರದ ಮುಂಚೆ ಪಂಚಾಯ್ತಿಯಿಂದ ಡಂಗುರ ಹೊಡೆಸಲಿ. ಸಿಬ್ಬಂದಿಗೆ ಇಲಾಖೆಯ ಮೊಬೈಲ್ ಕೊಡಲಿ, ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಇರಲಿ. ರೈತರ ಆಧಾರ್ ಫೋಟೋ ಯಾರ ವಾಟ್ಸಾಪ್ ಗ್ರೂಪಿಗೂ ಹೋಗಬಾರದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚನೆಯಾದವು. ಮಾಹಿತಿ ಯಾಕೆ ಬೇಕು ಅನ್ನೋ ತಿಳುವಳಿಕೆ ಪತ್ರವನ್ನ ಕನ್ನಡದಲ್ಲೂ ಪಡೆಯೋ ಅವಕಾಶ ಆ ಕಾಯ್ದೆಯಲ್ಲಿದೆ. ಸರ್ಕಾರಿ ಸವಲತ್ತಿಗೆ ಅದರಲ್ಲೇ ಸಡಿಲಿಕೆ ಇದೆ ಅಂತ ಯಾರಾದ್ರೂ ವಾದ ಮಾಡಬಹುದು. ಮಾಡಲಿ, ಆ ವಾದವನ್ನ ಕೊಟ್ಟಿಗೆ ಮುಂದೆ ನಿಂತು ಅಜ್ಜನಿಗೂ ಒಪ್ಪಿಸಲಿ.

ಫೋಟೋ 6

ಇದು ನಮಗೆ, ಅಂದ್ರೆ ಮನೆಯಲ್ಲಿ "ಮೊಬೈಲ್ ತಿಳಿದವರು" ಅನ್ನಿಸಿಕೊಂಡವರಿಗೆ. ಸರ್ಕಾರಿ ಮೆಸೇಜ್ ಕಳಿಸಿದವರ ಹೆಸರಿನ ಕೊನೆಗೆ ಗೆರೆ ಹಾಕಿ ಇಂಗ್ಲಿಷಿನ "ಜಿ" ಅಕ್ಷರ ಇರಬೇಕು ಅನ್ನೋದು 2025ರ ಮೇ ತಿಂಗಳಿಂದ ಬಂದ ಟ್ರಾಯ್ ನಿಯಮ. ಅಪ್ಪನಿಗೆ, ಅಜ್ಜನಿಗೆ ಇವತ್ತೇ ತೋರಿಸ್ರಿ. ಹತ್ತಂಕಿಯ ಮೊಬೈಲ್ ನಂಬರಿಂದ ಪರಿಹಾರದ ಸುದ್ದಿ ಬಂದ್ರೆ ಮೋಸ ಅಂತಲೇ ತಿಳೀರಿ. ವಾಟ್ಸಾಪಿನಲ್ಲಿ ಬಂದ ಎಪಿಕೆ ಫೈಲ್ ಯಾವ ಯೋಜನೆಯ ಹೆಸರಲ್ಲಿದ್ರೂ ಒತ್ತಬೇಡ್ರಿ. ದುಡ್ಡು ಹೋಯ್ತಾ, ಅಳ್ತಾ ಕೂಡಬೇಡ್ರಿ, ತಕ್ಷಣ 1930ಕ್ಕೆ ಫೋನ್ ಹಚ್ರಿ.

ಕೊನೆಯ ಫೋಟೋದಲ್ಲಿ ಇರೋದು ಪಶುಪಾಲನಾ ಇಲಾಖೆಗೆ ಬರೆದ ಅರ್ಜಿ, ಒಂದೇ ಪುಟ. ಐದನೇ ಫೋಟೋದ ಬೇಡಿಕೆಗಳನ್ನೇ ಅದರಲ್ಲಿ ಬರೆದೀನಿ. ಮುಂದಿನ ಗ್ರಾಮಸಭೆಯಲ್ಲಿ ಕೊಡೋದು, ಒಂದು ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳೋದು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯವರು ಊರಿನ ಹೆಸರು ಬದಲಿಸಿ ತಮ್ಮಲ್ಲೂ ಕೊಡ್ರಿ. ಸಹಿ ಹಾಕೋಕೆ ಬರೋರು ದನ ಇದ್ದ ಮನೆಯವರೇ ಆಗಬೇಕಂತಿಲ್ಲ, ಹಾಲು ಕುಡಿಯೋರೂ ಬರಬಹುದು.