ಓವರ್‌ಕ್ಲಾಕ್ ಮಾಡೋದಿದ್ರ ಡಿಸೆಂಬರ್‌ನಾಗ ಮಾಡ್ರಿ

ಪಿಸಿ ಮಾತು, ಭಾಗ 7. ಉದ್ದ ಅದ, ಸೇವ್ ಮಾಡ್ಕೊಂಡು ಓದ್ರಿ.

ಪರೀಕ್ಷೆ ಮುಗಿದ ಮ್ಯಾಲೆ ಡಿಎಂನಾಗ ಒಂದೇ ಪ್ರಶ್ನೆ. "ಅಣ್ಣಾ, ಪ್ರೊಸೆಸರ್ ಓವರ್‌ಕ್ಲಾಕ್ ಮಾಡ್ಲ್ಯಾ?" ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ರಾಯಚೂರು ಜಿಲ್ಲೆಯ ಮೇ ತಿಂಗಳಾಗ ಬ್ಯಾಡ.

ವಿಡಿಯೋ ಮಾಡೋರು ಎಸಿ ರೂಮಿನಾಗ ಕೂತಿರ್ತಾರ, ಅಲ್ಲಿ 22 ಡಿಗ್ರಿ. ಮಾನ್ವಿ, ದೇವದುರ್ಗದ ಪತ್ರಾಸ್ ಮನಿಯಾಗ ಮಧ್ಯಾಹ್ನ 42. ಕೂಲರ್ ಫ್ಯಾನು ಗಾಳಿಯನ್ನ ತಣ್ಣಗ ಮಾಡಂಗಿಲ್ಲ, ಚಿಪ್‌ನ ಬಿಸಿಯನ್ನ ಗಾಳಿಗೆ ದಾಟಿಸ್ತದ ಅಷ್ಟೇ. ಅಂದ್ರ ಅವರಿಗೆ 75 ತೋರಿಸೋ ಅದೇ ಸೆಟ್ಟಿಂಗು ನಿಮಗ ಹತ್ತಿರತ್ತಿರ 95 ತೋರಿಸ್ತದ. ನನ್ನ ರೈಜನ್ 5 3600ಕ್ಕ ಕಂಪನಿ ಹಾಕಿದ ಗಡಿನೇ 95.

ಹೋದ ವರ್ಷ ನಾ ಇದನ್ನ ತಿಳೀದೇ ಮಾಡಿದ್ದೆ. ಯಾರೋ ಹೇಳಿದ್ರು ಅಂತ ಒಮ್ಮೆಲೇ 1.4 ವೋಲ್ಟ್ ಕೊಟ್ಟೆ. ಸ್ಕ್ರೀನ್ ಕಪ್ಪಾತು. ಮದರ್‌ಬೋರ್ಡಿನ ಗುಂಡು ಬ್ಯಾಟರಿ ತೆಗೆದು ಹಾಕಿದ ಮ್ಯಾಲೆ ಪಿಸಿ ಎದ್ದಿತು, ಆದ್ರ ಅಪ್ಪನ ಗೊಬ್ಬರದಂಗಡಿಯ ಟ್ಯಾಲಿ ಡೇಟಾ ತೆರೀಲಿಲ್ಲ. ಪೆನ್‌ಡ್ರೈವ್‌ನಾಗ ಇದ್ದ ಬ್ಯಾಕಪ್ ಒಂದು ತಿಂಗಳು ಹಳೇದು. ನಾಕು ರಾತ್ರಿ ಉದ್ರಿ ಚೀಟಿ ನೋಡಿ ನೋಡಿ ಮತ್ತ ಎಂಟ್ರಿ ಹೊಡೆದೆ. ಅಪ್ಪ ಬೈಲಿಲ್ಲ, ಸುಮ್ನ ಚೀಟಿ ಒಂದೊಂದೇ ಕೈಗೆ ಕೊಡ್ತಾ ಕೂತಿದ್ದರು. ಬೈದಿದ್ರ ಚಲೋ ಇತ್ತು.

ವೇಗಕ್ಕಿಂತ ವೋಲ್ಟೇಜಿಗೆ ಹೆದರ್ರಿ. ವೇಗ ಅಂದ್ರ 100 ಮೆಗಾಹರ್ಟ್ಸ್ ಗುಣಿಸು ಮಲ್ಟಿಪ್ಲೈಯರ್, ಅದು 40 ಇದ್ರ 4 ಗಿಗಾಹರ್ಟ್ಸ್. ಚಿಪ್ ತಿನ್ನೋ ಕರೆಂಟು ವೇಗಕ್ಕ ತಕ್ಕಂಗ ಏರ್ತದ, ಆದ್ರ ವೋಲ್ಟೇಜಿನ ವರ್ಗಕ್ಕ ತಕ್ಕಂಗ ಏರ್ತದ. 1.2 ಇದ್ದದ್ದನ್ನ 1.4 ಮಾಡಿದ್ರ ಅದೊಂದರಿಂದಲೇ 36% ಹೆಚ್ಚು. ದೊಡ್ಡ ಕಂಪನಿಗೇ ಇದು ತಪ್ಪಿಲ್ಲ. 2024ರಾಗ ಇಂಟೆಲ್‌ನ 13, 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳು ಅತಿ ವೋಲ್ಟೇಜಿನಿಂದ ಕೆಟ್ಟವು, ಕಂಪನಿ ವಾರಂಟಿಯನ್ನ ಎರಡು ವರ್ಷ ಉದ್ದ ಮಾಡ್ತು. ನೀವು ಓವರ್‌ಕ್ಲಾಕ್ ಮಾಡಿ ಸುಟ್ಟರ ಯಾವ ವಾರಂಟಿನೂ ಬರಂಗಿಲ್ಲ.

ಹಂಗಾದ್ರ ಹೆಂಗ ಮಾಡ್ಬೇಕು? ಮೊದಲು ಬ್ಯಾಕಪ್. ಆಮ್ಯಾಲೆ ಧೂಳು ಹೊಡೀರಿ, ಥರ್ಮಲ್ ಪೇಸ್ಟ್ ಹೊಸದು ಹಚ್ರಿ, ಅರ್ಧ ಮಂದಿಗೆ ಇಷ್ಟೇ ಸಾಕಾಗ್ತದ. ಇಂಟೆಲ್ ಆದ್ರ ಹೆಸರಿನ ಕಡೀಗೆ 'ಕೆ' ಅಕ್ಷರ ಅದಯೇನು, ಬೋರ್ಡು 'ಝಡ್' ಸರಣಿದೇನು ನೋಡ್ರಿ, ಇಲ್ಲಂದ್ರ ಮಲ್ಟಿಪ್ಲೈಯರ್ ಏರಂಗಿಲ್ಲ. ಏನೂ ಮುಟ್ಟದೇ ಸಿನೆಬೆಂಚ್ ಓಡಿಸಿ, ಎಚ್‌ಡಬ್ಲ್ಯೂಇನ್‌ಫೋದಾಗ ಬಂದ ಡಿಗ್ರಿ ಬರೆದಿಟ್ಕೊಳ್ರಿ. ಆಮ್ಯಾಲೆ ಒಂದೊಂದೇ ಹೆಜ್ಜೆ ಮಲ್ಟಿಪ್ಲೈಯರ್ ಏರಿಸ್ರಿ, ಪ್ರತಿ ಸಲ ಪರೀಕ್ಷೆ. ನಾ 85 ದಾಟಿದ್ರ ನಿಲ್ಲಿಸ್ತೀನಿ. ವೋಲ್ಟೇಜ್ ಎಂದೂ 'ಆಟೋ' ಬಿಡಬ್ಯಾಡ್ರಿ, ಬೇಕಾದ್ದಕ್ಕಿಂತ ಹೆಚ್ಚು ಕೊಟ್ಟುಬಿಡ್ತದ.

ಯುಪಿಎಸ್ ಇಲ್ಲದೇ ಬಯಾಸ್ ಅಪ್‌ಡೇಟ್‌ಗೆ ಕೈ ಹಾಕಲೇಬ್ಯಾಡ್ರಿ, ನಡುವ ಕರೆಂಟ್ ಹೋದ್ರ ಬೋರ್ಡೇ ಹೋಗ್ತದ. (ಶಕ್ತಿನಗರದಾಗ 1985ರಿಂದ ಕರೆಂಟ್ ತಯಾರಾಗ್ತದ, ನಾವು ಮೇಣದಬತ್ತಿ ಹುಡುಕ್ತೀವಿ. ಇರ್ಲಿ.)

ಇನ್ನ ಬಿಕಾಂ ಮಂದಿಗೆ. ಆದಾಯ ತೆರಿಗೆ ಲೆಕ್ಕದಾಗ ಕಂಪ್ಯೂಟರಿಗೆ ವರ್ಷಕ್ಕ 40% ಸವಕಳಿ, ನೀವು ಅದನ್ನ ಇನ್ನಷ್ಟು ಸವೆಸಬ್ಯಾಡ್ರಿ. ಡಿಸೆಂಬರ್ ರಾತ್ರಿ 1.25 ವೋಲ್ಟಿಗೆ ನನಗ ಸಿಕ್ಕದ್ದು 4.1 ಗಿಗಾಹರ್ಟ್ಸ್, ಲಾಭ 5 ಪರ್ಸೆಂಟೂ ಇಲ್ಲ. ಟ್ಯಾಲಿಗೆ, ಎಕ್ಸೆಲ್‌ಗೆ ಗೊತ್ತೇ ಆಗಂಗಿಲ್ಲ. ಆದ್ರೂ ಮಾಡಿದ್ದು ಖುಷಿ ಅದ, ಯಾಕಂದ್ರ ನನ್ನ ಮಷಿನು ಎಲ್ಲಿ ಸುಸ್ತಾಗ್ತದ ಅಂತ ಈಗ ನನಗ ಗೊತ್ತು.

ಬ್ಯಾಸಗಿಗೆ ಈಗ ವೋಲ್ಟೇಜ್ ಇಳಿಸಿ ಓಡಿಸ್ತಾ ಇದ್ದೀನಿ. ಅದು ಹೆಂಗ ಅಂತ ಭಾಗ 8ರಾಗ. ಅಲ್ಲೀತನಕ ನಿಮ್ಮ ರೂಮ್ ಎಷ್ಟು ಡಿಗ್ರಿ, ಪಿಸಿ ಎಷ್ಟು ಡಿಗ್ರಿ, ಎರಡೂ ಬರೆದು ಕಳಸ್ರಿ.