ಎರೆ ಭೂಮಿಯ ದಾರಿಗೆ ಎಂಥ ಪಿಕಪ್ ಗಾಡಿ?

ತೊಗರಿ ರಾಶಿ ಮುಗಿದು ಕೈಗೆ ನಾಲ್ಕು ಕಾಸು ಬಂದ ಕೂಡಲೇ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಒಕ್ಕಲು ಮನೆಗಳಲ್ಲಿ ಪಿಕಪ್ ಗಾಡಿಯ ಮಾತು ಏಳುತ್ತದೆ. ಕಲಬುರಗಿಯ ಮಾರುಕಟ್ಟೆಗೆ ತೊಗರಿ, ಸೊಲ್ಲಾಪುರಕ್ಕೆ ತರಕಾರಿ, ಊರಿಗೆ ಬೀಜ ಗೊಬ್ಬರ ಸಾಗಿಸಲು ಸ್ವಂತ ಗಾಡಿ ಇದ್ದರೆ ಅನುಕೂಲವೆಂಬುದರಲ್ಲಿ ಸಂಶಯವಿಲ್ಲ. ಆದರೆ ಮಾರಾಟದ ಅಂಗಡಿಗೆ ಹೋದಾಗ ಒಂದೇ ಗಾಡಿ ಮೂರು ನಾಲ್ಕು ದರ್ಜೆಗಳಲ್ಲಿ ಎದುರು ನಿಲ್ಲುತ್ತದೆ. ಒಂದಕ್ಕೆ ಪವರ್ ಸ್ಟೀರಿಂಗ್, ಇನ್ನೊಂದಕ್ಕೆ ಹವಾನಿಯಂತ್ರಣ, ಮತ್ತೊಂದಕ್ಕೆ ಹಿಂದೆ ಮುಂದೆ ನಾಲ್ಕೂ ಗಾಲಿಗೆ ಎಂಜಿನ್ ಬಲ. ಹೆಸರಿಗೆ ಒಂದೊಂದು ಅಕ್ಷರ ಸೇರಿದಂತೆ ಬೆಲೆಯೂ ಏರುತ್ತದೆ. ಯಾವುದನ್ನು ಆರಿಸಬೇಕು?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳುವುದು ಒಳ್ಳೆಯದು. ಈ ಮೂರು ತಾಲ್ಲೂಕುಗಳ ಹೆಚ್ಚಿನ ಒಣಬೇಸಾಯಗಾರರಿಗೆ ನಡು ದರ್ಜೆಯ, ಎರಡು ಗಾಲಿ ಚಾಲನೆಯ, ಪವರ್ ಸ್ಟೀರಿಂಗ್ ಇರುವ ಗಾಡಿಯೇ ಸಾಕು. ಮೇಲಿನ ದರ್ಜೆಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಒಳ್ಳೆಯ ಟೈರಿಗೂ ಇನ್ನೊಂದು ಪಾಲನ್ನು ಹೊಲದ ದಾರಿಗೂ ಹಾಕುವುದು ಲಾಭಕರ. ಇದಕ್ಕೆ ಕಾರಣಗಳನ್ನು ನೋಡೋಣ.

ಎರೆ ಮಣ್ಣಿನ ಗುಣ

ನಮ್ಮ ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಅಂಶ ಹೆಚ್ಚು. ಇದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಹಸಿಯಾದ ಎರೆ ಟೈರಿನ ಗೀರುಗಳಲ್ಲಿ ತುಂಬಿಕೊಂಡು ಟೈರನ್ನೇ ಬೋಳು ಮಾಡುತ್ತದೆ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗದಂತೆ ಮಾಡುವುದೂ ಉಂಟು. ಎರಡು ಗಾಲಿ ಜಾರುವಲ್ಲಿ ನಾಲ್ಕು ಗಾಲಿಗೆ ಬಲ ಕೊಟ್ಟರೆ ನಾಲ್ಕೂ ಜಾರುತ್ತವೆ. ಟ್ರ್ಯಾಕ್ಟರೇ ಹುಗಿಯುವ ದಾರಿಯಲ್ಲಿ ಹೊರೆ ಹೊತ್ತ ಪಿಕಪ್ ದಾಟೀತೆಂದು ನಂಬುವುದು ಸರಿಯಲ್ಲ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಒಂದೇ ಅಚ್ಚಿನ ಎರಡು ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ನಡುವೆ ಡಿಫರೆನ್ಷಿಯಲ್ ಇರುತ್ತದೆ. ಒಂದು ಗಾಲಿ ಕೆಸರಿನಲ್ಲಿ ಜಾರತೊಡಗಿದರೆ ಬಲವೆಲ್ಲ ಅದರಲ್ಲೇ ವ್ಯರ್ಥವಾಗಿ, ಗಟ್ಟಿ ನೆಲದ ಮೇಲಿರುವ ಗಾಲಿ ಸುಮ್ಮನೆ ನಿಲ್ಲುತ್ತದೆ. ಇದನ್ನು ತಡೆಯುವ ಬೀಗ, ಅಂದರೆ ಡಿಫರೆನ್ಷಿಯಲ್ ಲಾಕ್, ಇಲ್ಲದಿದ್ದರೆ ಫೋರ್ ವ್ಹೀಲ್ ಗಾಡಿಯೂ ಮುಂದೊಂದು, ಹಿಂದೊಂದು ಗಾಲಿ ಜಾರಿ ನಿಂತೀತು. ಆದ್ದರಿಂದ ಫೋರ್ ವ್ಹೀಲ್ ಕೊಳ್ಳುವವರು ಲಾಕ್ ಇದೆಯೇ, ಬಲ ಹೆಚ್ಚಿಸುವ ಲೋ ಗೇರ್ ಇದೆಯೇ ಎಂದು ಮೊದಲು ಕೇಳಿ ತಿಳಿಯತಕ್ಕದ್ದು.

ವರ್ಷದಲ್ಲಿ ಎಷ್ಟು ದಿನ?

ಗಾಡಿಯ ಕೆಲಸ ಯಾವ ತಿಂಗಳಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿರಿ. ನಮ್ಮ ಮುಖ್ಯ ಬೆಳೆ ತೊಗರಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಬೆಳೆ ಇದು. ಇದರ ಕಟಾವು ಡಿಸೆಂಬರ್, ಜನವರಿಯಲ್ಲಿ. ಆಗ ಬಂಡಿ ದಾರಿ ಒಣಗಿ ಕಲ್ಲಿನಂತಾಗಿರುತ್ತದೆ. ಹಿಂಗಾರಿ ಜೋಳ, ಕಡಲೆಗಳ ರಾಶಿಯೂ ಒಣ ದಿನಗಳಲ್ಲೇ. ಹಸಿ ದಾರಿಯ ತೊಡಕು ಬರುವುದು ಬಿತ್ತನೆಯ ದಿನಗಳಲ್ಲಿ ಮತ್ತು ಮಘೆ, ಹುಬ್ಬೆ ಮಳೆಯಲ್ಲಿ ಹೆಸರು, ಉದ್ದು ಬಿಡಿಸುವಾಗ. ಆ ದಿನಗಳನ್ನು ಬೆರಳು ಮಡಿಚಿ ಎಣಿಸಿದರೆ ಒಣಬೇಸಾಯದ ಮನೆಗೆ ವರ್ಷಕ್ಕೆ ಕೆಲವೇ ದಿನ. ಆ ದಿನಗಳಲ್ಲಿ ಚೀಲಗಳನ್ನು ಎತ್ತಿನ ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಡಾಂಬರು ರಸ್ತೆಗೆ ತಂದು ಪಿಕಪ್‌ಗೆ ಹೇರಬಹುದು.

ಈಗ ಹಣದ ಲೆಕ್ಕ. ಮೇಲಿನ ದರ್ಜೆಗೆ 1 ಲಕ್ಷ ರೂ. ಹೆಚ್ಚು ಕೊಡಬೇಕೆಂದು ಹಿಡಿಯೋಣ. ಅದನ್ನು ಶೇ. 10ರ ಬಡ್ಡಿಯಲ್ಲಿ ಐದು ವರ್ಷದ ಸಾಲವಾಗಿ ತಂದರೆ ತಿಂಗಳಿಗೆ ಸುಮಾರು 2,125 ರೂ. ಕಂತು; ಕೊನೆಗೆ ತೀರಿಸುವುದು ಸುಮಾರು 1,27,500 ರೂ. ತೊಗರಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂ. ಅಂದರೆ ಇದು ಸುಮಾರು 16 ಕ್ವಿಂಟಲ್ ತೊಗರಿ. ಎಕರೆಗೆ 4 ಕ್ವಿಂಟಲ್ ಇಳುವರಿ ಬಂದರೆ ನಾಲ್ಕು ಎಕರೆಯ ಪೂರ್ಣ ಬೆಳೆ, ಬೀಜ, ಗೊಬ್ಬರ, ಕೂಲಿಯ ಖರ್ಚು ಕಳೆಯುವ ಮೊದಲೇ. ಮಳೆ ಕೈಕೊಟ್ಟ ವರ್ಷವೂ ಕಂತು ನಿಲ್ಲುವುದಿಲ್ಲ. ಫೋರ್ ವ್ಹೀಲ್ ಗಾಡಿಯ ತೂಕ ಹೆಚ್ಚು, ಡೀಸೆಲ್ ಹೆಚ್ಚು, ರಿಪೇರಿಯ ಭಾಗಗಳೂ ಹೆಚ್ಚು ಎಂಬುದನ್ನು ಇದಕ್ಕೆ ಸೇರಿಸಿಕೊಳ್ಳಬೇಕು.

ಯಾರಿಗೆ ಫೋರ್ ವ್ಹೀಲ್ ಬೇಕು?

ಎಲ್ಲರಿಗೂ ಬೇಡವೆಂದು ನಾವು ಹೇಳುವುದಿಲ್ಲ. ಹೊಲದಲ್ಲೇ ಮನೆ ಮಾಡಿಕೊಂಡು ದಿನವೂ ಹಾಲು, ತರಕಾರಿ ಸಾಗಿಸುವವರು, ಹಳ್ಳದ ಉಸುಕು, ಏರು ದಂಡೆ ಹತ್ತಿ ಇಳಿಯಬೇಕಾದವರು, ತೆಳು ಕೆಸರಿನ ಕೆಳಗೆ ಗಟ್ಟಿ ಮರಮ್ ಇರುವ ದಾರಿಯವರು ಇದರಿಂದ ನಿಜವಾದ ಪ್ರಯೋಜನ ಪಡೆಯುತ್ತಾರೆ. ರಾತ್ರಿ ಹೊತ್ತು ಬಾಣಂತಿಯನ್ನೋ ರೋಗಿಯನ್ನೋ ಒಯ್ಯುವ ಪ್ರಸಂಗ ಬಂದರೆ ಎಂಬ ಪ್ರಶ್ನೆಯೂ ಹಗುರವಾದುದಲ್ಲ. ಬೇರೆ ದಾರಿಯೇ ಇಲ್ಲದ ವಸತಿಯವರು ಇದಕ್ಕಾಗಿಯೇ ಹಣ ಕೊಟ್ಟರೂ ತಪ್ಪಿಲ್ಲ. ಆದರೆ ಪ್ರವಾಹಕ್ಕೆ ಇದು ಉತ್ತರವಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ನಮ್ಮ ಜನ ಮರೆತಿಲ್ಲ. ಹರಿಯುವ ನೀರಿಗೆ ಯಾವ ಗಾಡಿಯನ್ನೂ ಇಳಿಸಬಾರದು.

ಹೊರೆ, ಕ್ಯಾಬಿನ್, ಕಾನೂನು

ದರ್ಜೆಗಿಂತ ಮುಖ್ಯವಾದುದು ಹೊರೆ. ಒಂದೂವರೆ ಟನ್ನಿನ ಗಾಡಿ 15 ಕ್ವಿಂಟಲ್ ಹೊರುತ್ತದೆ. 2022ರಲ್ಲಿ ಬಂದ ಟಾಟಾ ಯೋಧ 2.0 ಎರಡು ಟನ್ನಿನದು. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂತಹ ದುಬಾರಿ ಗಾಡಿಗಳು ನೋಡಲು ಗಂಭೀರವಾಗಿದ್ದರೂ ಹೊರುವುದು ಇವುಗಳಿಗಿಂತ ಕಡಿಮೆ. ಗಾಡಿಯ ತೂಕವೂ ಹೊರೆಯೂ ಸೇರಿ 3,000 ಕಿಲೋ ಮೀರದಿದ್ದರೆ 1988ರ ಮೋಟಾರು ವಾಹನ ಕಾಯಿದೆಯ 66ನೆಯ ಕಲಮಿನ ಪ್ರಕಾರ ಪರ್ಮಿಟ್ ಬೇಕಿಲ್ಲ. ಗಡಿ ದಾಟಿ ಸೊಲ್ಲಾಪುರ, ಅಕ್ಕಲಕೋಟೆಗೆ ಹೋಗುವವರು ಈ ಮಿತಿಯನ್ನು ನೆನಪಿಡಬೇಕು. ಹೆಚ್ಚು ಹೊರೆಯ ಮಾದರಿ ಈ ಮಿತಿಯನ್ನು ದಾಟಬಹುದು.

ಎರಡು ಸಾಲು ಸೀಟಿನ ಗಾಡಿಗೆ ಹಣ ಕೊಡಬೇಕೇ? ಕೂಲಿಯವರನ್ನು ಕರೆದೊಯ್ಯುವ ಮನೆಯವರು ಇದನ್ನು ಖಂಡಿತ ಯೋಚಿಸಬೇಕು. ಹಿಂದಿನ ಡಬ್ಬಿಯಲ್ಲಿ ಜನರನ್ನು ನಿಲ್ಲಿಸಿಕೊಂಡು ಹೋಗುವುದು ನಮ್ಮಲ್ಲಿ ರೂಢಿಯಾಗಿದೆ. ಇದು ಕಾನೂನಿಗೆ ವಿರುದ್ಧ, ಜೀವಕ್ಕೆ ಅಪಾಯ. ಸರಕು ಗಾಡಿಯಲ್ಲಿ ಹೀಗೆ ಪುಕ್ಕಟೆ ಪ್ರಯಾಣ ಮಾಡುವವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಅಪಘಾತವಾದರೆ ಪರಿಹಾರದ ಭಾರ ಮಾಲೀಕನ ಹೊಲದ ಮೇಲೆ ಬೀಳಬಹುದು. ಎರಡನೆಯ ಸಾಲಿನ ಸೀಟು ಬಂದರೆ ಹೊರೆಯ ಜಾಗ ಕಡಿಮೆಯಾಗುತ್ತದೆ, ನಿಜ. ಆದರೂ ನಾಲ್ಕಾರು ಜನ ಕೂತು ಹೋಗುವ ಸೌಕರ್ಯ ಫೋರ್ ವ್ಹೀಲ್‌ಗಿಂತ ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಹವಾನಿಯಂತ್ರಣದ ಬಗ್ಗೆ ಒಂದು ಮಾತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಇದು ಕಡ್ಡಾಯ. ಮೂರೂವರೆ ಟನ್ನಿನೊಳಗಿನ ಪಿಕಪ್‌ಗೆ ಅಲ್ಲ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ದಿನವಿಡೀ ಬಾಡಿಗೆಗೆ ಓಡಿಸುವ ಚಾಲಕನಿಗೆ ಅದು ಸೋಗಲ್ಲ. ವಾರಕ್ಕೊಮ್ಮೆ ಸಂತೆಗೆ ಹೋಗುವ ಗಾಡಿಗೆ ಅಗತ್ಯವಿಲ್ಲ.

ದಾರಿಯನ್ನೇ ಸರಿಮಾಡೋಣ

ಟೈರು ಕೊಳ್ಳುವಾಗ ಗೀರುಗಳ ನಡುವೆ ಅಗಲ ಜಾಗವಿರುವುದನ್ನು ಆರಿಸಿರಿ. ಕೆಸರು ತಾನಾಗಿ ಉದುರಲು ಅದು ಸಹಾಯಕ. ಖಾಲಿ ಗಾಡಿ ಸಿಕ್ಕಿಬಿದ್ದಾಗ ಗಾಳಿ ಸ್ವಲ್ಪ ಇಳಿಸಿ ದಾಟಬಹುದು. ಹೊರೆ ಹೇರುವ ಮುನ್ನ ಮತ್ತೆ ತುಂಬತಕ್ಕದ್ದು. ಆದರೆ ನಿಜವಾದ ಪರಿಹಾರ ದಾರಿಯದು. ಒಂದೇ ದಾರಿ ಬಳಸುವ ಹತ್ತು ಹೊಲದವರು ತಲಾ 10,000 ರೂ. ಹಾಕಿದರೆ ಲಕ್ಷ ರೂಪಾಯಿ ಕೂಡುತ್ತದೆ. ಅದರಲ್ಲಿ ತೀರ ಹುಗಿಯುವ ಜಾಗಗಳಿಗೆ ಮರಮ್ ಹಾಕಿಸಿ, ಬದಿಗೆ ನೀರು ಹೋಗುವ ಕಾಲುವೆ ತೆಗೆಸಬಹುದು. ಉಳಿದುದನ್ನು ಗ್ರಾಮ ಪಂಚಾಯಿತಿಯ ಮುಂದಿಡಬೇಕು. ಇದರ ಫಲ ಎತ್ತಿನ ಗಾಡಿಗೂ, ಶಾಲೆಗೆ ಹೋಗುವ ಮಗುವಿಗೂ ಸಿಗುತ್ತದೆ.

ಸರ್ಕಾರಕ್ಕೂ ಒಂದು ಬಿನ್ನಹ. 2023ರ ಜುಲೈ ಆಯವ್ಯಯದಲ್ಲಿ ಗುಡ್ಡಗಾಡು ಪ್ರದೇಶದ ರೈತರಿಗೆ ಪಿಕಪ್ ಕೊಳ್ಳಲು 7 ಲಕ್ಷ ರೂ.ವರೆಗೆ ಶೇ. 4ರ ಬಡ್ಡಿಯ ಸಾಲ ಪ್ರಕಟಿಸಲಾಯಿತು. ಮಳೆಗಾಲದ ಎರೆ ದಾರಿ ಗುಡ್ಡದ ದಾರಿಗಿಂತ ಸುಲಭವಲ್ಲ. ಇಂತಹ ಸಾಲ ಭೀಮಾ ತೀರದ ಒಕ್ಕಲಿಗನಿಗೂ ದೊರೆಯುವುದು ನ್ಯಾಯ.

ಅಂಗಡಿಗೆ ಹೋಗುವ ಮುನ್ನ ಮೂರು ಸಂಗತಿ ಬರೆದಿಟ್ಟುಕೊಳ್ಳಿರಿ: ವರ್ಷಕ್ಕೆ ಎಷ್ಟು ಹೊರೆ, ಎಷ್ಟು ಹಸಿ ದಿನ, ಬರಗಾಲದಲ್ಲೂ ಕಟ್ಟಬಲ್ಲ ಕಂತು ಎಷ್ಟು. ಈ ಮೂರಕ್ಕೂ ಹೊಂದುವ ದರ್ಜೆಯೇ ನಿಮ್ಮ ಗಾಡಿ.